ಕ್ರಯಪತ್ರಕ್ಕೆ ಬಾರದ 35 ಲಕ್ಷ

ಮಂಗಳೂರಿನ ಜೆಪ್ಪು ಕಡೆಯ ಒಂದು ಹೆಂಚಿನ ಮನೆ. ಏಪ್ರಿಲ್ ಕೊನೆ, ಸಂಜೆ ಐದಾದರೂ ಸೆಕೆ ಇಳಿದಿಲ್ಲ. ಜಗಲಿಯಲ್ಲಿ ಇಬ್ಬರು: ಪ್ರಾಥಮಿಕ ಶಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿ ನಿವೃತ್ತರಾದ ಅತ್ತೆ, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ಬಂದ ಅವರ ತಮ್ಮನ ಮಗ. ತಮ್ಮನೂ ಇಲ್ಲ, ತಮ್ಮನ ಹೆಂಡತಿಯೂ ಇಲ್ಲ. ಮನೆ ಈಗ ಇವರಿಬ್ಬರದ್ದು, ಅರ್ಧ ಅರ್ಧ. 1925ರ ಉತ್ತರಾಧಿಕಾರ ಕಾಯ್ದೆಯಲ್ಲಿ ಕ್ರೈಸ್ತ ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲುಂಟು, ಹಾಗಾಗಿ ಪಾಲಿನ ತಕರಾರು ಇಲ್ಲ. ಮಾರುವುದಕ್ಕೂ ಇಬ್ಬರ ಒಪ್ಪಿಗೆ ಉಂಟು. ತಕರಾರು ಬೇರೆಯದೇ.

ಅಳಿಯ: ಅತ್ತೆ, ಬ್ರೋಕರ್ ಮಧ್ಯಾಹ್ನ ಪುನಃ ಫೋನ್ ಮಾಡಿದ್ದ. ಪಾರ್ಟಿ 90ಕ್ಕೆ ಒಪ್ಪಿದ್ದಾರಂತೆ. ಪತ್ರದಲ್ಲಿ 55 ತೋರಿಸುವುದು, ಉಳಿದ 35 ಕೈಗೆ.

ಅತ್ತೆ: ಹಾಗೆ ಆಗ್ಲಿಕ್ಕಿಲ್ಲ ಅಂತ ಮೊನ್ನೆಯೇ ಹೇಳಿದ್ದೆ ಅವನಿಗೆ. ನನ್ನ ಹತ್ರ ನಡೆಯದ್ದಕ್ಕೆ ಈಗ ನಿನ್ನನ್ನು ಹಿಡಿದಿದ್ದಾನೆ.

ಅಳಿಯ: ಎಲ್ಲ ಬ್ಯಾಂಕಿನಲ್ಲೇ ಬರಬೇಕು ಅಂದ್ರೆ 80ರ ಮೇಲೆ ಒಂದು ರೂಪಾಯಿ ಇಲ್ಲವಂತೆ. ಹತ್ತು ಲಕ್ಷ ಅತ್ತೆ, ಕಣ್ಣೆದುರೇ ಹೋಗ್ತದೆ. ಮೇಲಿಂದ ಟ್ಯಾಕ್ಸ್. 55 ಅಂದ್ರೆ ಸರಕಾರದ ಮಾರ್ಗಸೂಚಿ ದರಕ್ಕಿಂತ ಕಡಿಮೆಯೂ ಅಲ್ಲ. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಒಬ್ಬರೂ ತಲೆ ಎತ್ತಿ ನೋಡುವುದಿಲ್ಲ.

ಅತ್ತೆ: ನೋಡುವುದಿಲ್ಲ, ಗೊತ್ತುಂಟು. ಕರಡು ಪತ್ರ ಓದಿದೆಯಾ ನೀನು? ಮೂರನೇ ಪುಟದಲ್ಲಿ ಉಂಟು: ಕ್ರಯದ ಪೂರಾ ಮೊಬಲಗು ನಮಗೆ ಸಂದಿದೆ, ಬಾಕಿ ಏನೂ ಇಲ್ಲ ಅಂತ. ಅದರ ಕೆಳಗೆ ನನ್ನ ಫೋಟೋ, ಹೆಬ್ಬೆಟ್ಟು, ಸಹಿ.

ಅಳಿಯ: ಅದು ಪತ್ರ ಬರೆಯುವವರ ಭಾಷೆ, ಎಲ್ಲ ಪತ್ರದಲ್ಲೂ ಇರುವಂಥದ್ದು. ಇದರಲ್ಲಿ ಮೋಸ ಆದದ್ದು ಯಾರಿಗೆ? ಕೊಡುವವರಿಗೆ ಗೊತ್ತು, ತೆಗೆದುಕೊಳ್ಳುವವರಿಗೆ ಗೊತ್ತು, ಬರೆಯುವವನಿಗೂ ಗೊತ್ತು.

ಅತ್ತೆ: ಎಲ್ಲರಿಗೂ ಗೊತ್ತಿದ್ರೆ ಬರೆಯುವುದು ಯಾರಿಗೋಸ್ಕರ ಮಾರಾಯ? ಗೊತ್ತಿಲ್ಲದವರು ಒಬ್ಬರು ಇದ್ದೇ ಇದ್ದಾರೆ. ಮತ್ತೆ, 2015ರಿಂದ ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ನಗದು ತೆಗೆದುಕೊಂಡರೂ ತಪ್ಪು; ತೆಗೆದುಕೊಂಡವರಿಗೇ ಅಷ್ಟೇ ಮೊತ್ತದ ದಂಡ.

ಅಳಿಯ: ಹಾಗಾದ್ರೆ ನಿಮ್ಮದು ದಂಡದ ಹೆದರಿಕೆ. ಅದಕ್ಕೆ ಬ್ರೋಕರನ ಹತ್ರ ದೇವರನ್ನು ಯಾಕೆ ತಂದಿರಿ?

ಅತ್ತೆ: ಹೆದರಿಕೆ ಇಲ್ಲ ಅಂದ್ರೆ ಅದೊಂದು ಸುಳ್ಳಾಗ್ತದೆ. ಹೆದರಿಕೆಯೂ ಉಂಟು. ಆದರೆ ಮೊನ್ನೆ ಆ ಕರಡು ಓದುವಾಗ ನನಗೆ ಇನ್‌ಕಂ ಟ್ಯಾಕ್ಸಿನವರ ನೆನಪು ಬರಲಿಲ್ಲ. ಅನನೀಯ, ಸಫೈರಳ ನೆನಪು ಬಂತು.

ಅಳಿಯ: ಅಪೊಸ್ತಲರ ಕೃತ್ಯಗಳು, ಐದನೇ ಅಧ್ಯಾಯ. ಸಂಡೇ ಸ್ಕೂಲಿನಲ್ಲಿ ಆ ಕತೆ ಕೇಳಿ ನಾನು ಮೂರು ದಿನ ಒಬ್ಬನೇ ಮಲಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಬಿದ್ದು ಸತ್ತರು.

ಅತ್ತೆ: ಸತ್ತದ್ದು ನೆನಪುಂಟು, ಯಾಕೆ ಅಂತ ನೆನಪುಂಟಾ? ಅವರದ್ದೂ ಜಾಗ ಮಾರಿದ ಕೇಸೇ. ಬಂದ ಹಣದಲ್ಲಿ ಸ್ವಲ್ಪ ಇಟ್ಟುಕೊಂಡರು, ಉಳಿದದ್ದನ್ನು ಅಪೊಸ್ತಲರ ಹತ್ರ ತಂದು ಇಷ್ಟೇ ಬಂದದ್ದು ಅಂದರು. ಪೇತ್ರ ತಪ್ಪು ಹಿಡಿದದ್ದು ಹಣ ಇಟ್ಟುಕೊಂಡದ್ದಕ್ಕಲ್ಲ. ಜಾಗ ನಿಮ್ಮದೇ ಇತ್ತು, ಮಾರಿದ ಮೇಲೂ ಹಣ ನಿಮ್ಮದೇ, ಯಾರೂ ಒತ್ತಾಯ ಮಾಡಿರಲಿಲ್ಲ ಅಂದ. ಅವನ ಆಕ್ಷೇಪ ಇದ್ದದ್ದು ಸ್ವಲ್ಪವನ್ನು ಪೂರಾ ಅಂತ ಹೇಳಿದ್ದಕ್ಕೆ. ಮೂರನೇ ಪುಟದ ಆ ಸಾಲಿಗೆ.

ಅಳಿಯ: ಕೇಳುತ್ತಾ ಕೂತ ಪೇತ್ರ ಯಾರು ಅತ್ತೆ? ಬೆಂಕಿ ಕಾಯಿಸಿಕೊಳ್ಳುತ್ತಾ, ಯೇಸು ಯಾರೆಂದೇ ಗೊತ್ತಿಲ್ಲ ಅಂತ ಮೂರು ಸಲ ಸುಳ್ಳು ಹೇಳಿದವನೇ ಅಲ್ವಾ? ಅವನು ಬಿದ್ದು ಸಾಯಲಿಲ್ಲ.

ಅತ್ತೆ: ಸಾಯಲಿಲ್ಲ. ಕೋಳಿ ಕೂಗಿದ ಮೇಲೆ ಹೊರಗೆ ಹೋಗಿ ಅತ್ತ. ಆ ಅಧ್ಯಾಯ ನನಗೂ ಪೂರಾ ಸಮಾಧಾನ ಕೊಟ್ಟದ್ದಲ್ಲ, ಹೇಳಿಬಿಡ್ತೇನೆ. ಒಬ್ಬನಿಗೆ ಅಳಲಿಕ್ಕೆ ಸಮಯ ಸಿಕ್ಕಿತು, ಇವರಿಗೆ ಸಿಗಲಿಲ್ಲ.

(ಗೋಡೆಗೆ ಒರಗಿಸಿಟ್ಟ ಹೆಂಚೊಂದನ್ನು ಅಳಿಯ ಎತ್ತಿಕೊಂಡ. ಕಳೆದ ಮಳೆಗಾಲದಲ್ಲಿ ಮಾಡಿನಿಂದ ಜಾರಿ, ಹೇಗೋ ಒಡೆಯದೆ ಉಳಿದದ್ದು. ಅಡಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬಾಸೆಲ್ ಮಿಶನ್ ಅಂತ ಒತ್ತಿದ್ದು ಪಾಚಿಯ ನಡುವೆಯೂ ಕಾಣುತ್ತದೆ.)

ಅಳಿಯ: ಮನೆ ಕೆಡವುವವರು ಇದನ್ನೂ ಲೆಕ್ಕ ಹಾಕಿದ್ದಾರೆ. ಹಳೇ ಹೆಂಚಿಗೆ ಈಗ ರೆಸಾರ್ಟ್ ಕಟ್ಟುವವರಿಂದ ಭಾರೀ ಡಿಮಾಂಡ್ ಅಂತೆ.

ಅತ್ತೆ: ಬೆರಳ ಗೆಣ್ಣಿನಿಂದ ಬಡಿದು ನೋಡು. ಕೇಳಿತಾ? ಸರಿಯಾಗಿ ಬೆಂದ ಹೆಂಚು ಗಂಟೆಯ ಹಾಗೆ ಕೇಳ್ತದೆ. ಒಳಗೆ ಬಿರುಕಿದ್ರೆ, ಹಸಿ ಉಳಿದಿದ್ರೆ, ಮೇಲಿಂದ ಎಷ್ಟು ಕೆಂಪಗಿದ್ರೂ ಡಬಡಬ ಅಂತದೆ. ನನ್ನ ಅಜ್ಜ ಇಲ್ಲೇ ಜೆಪ್ಪು ಕಾರ್ಖಾನೆಯಲ್ಲಿ ಇದ್ದವರು. ಗೂಡಿನಿಂದ ತೆಗೆದ ಹೆಂಚನ್ನು ಹೀಗೆ ಬಡಿದು ಬಡಿದು ಬೇರೆ ಮಾಡುವುದೇ ಕೆಲಸ. ಮನೆಯಲ್ಲಿ ನಮ್ಮ ತಲೆಗೂ ಹಾಗೇ ಬಡಿಯುತ್ತಿದ್ದರು.

ಅಳಿಯ: ಆ ಕಾರ್ಖಾನೆಯ ಬಗ್ಗೆ ನೀವೆಲ್ಲ ಅದೊಂದು ದೇವಾಲಯ ಎಂಬ ಹಾಗೆ ಮಾತಾಡ್ತೀರಿ. ಅದು ವ್ಯಾಪಾರ ಅತ್ತೆ.

ಅತ್ತೆ: ವ್ಯಾಪಾರವೇ. ಆದರೆ ಯಾಕೆ ಹುಟ್ಟಿತು ಗೊತ್ತುಂಟಾ? 1834ರಲ್ಲಿ ಹೆಬಿಕ್, ಲೆನರ್, ಗ್ರೈನರ್ ಅಂತ ಮೂರು ಜನ ಮಿಶನರಿಗಳು ಮಂಗಳೂರಿಗೆ ಬಂದರು. ಅವರ ಮಾತು ಕೇಳಿ ಕ್ರಿಸ್ತನನ್ನು ನಂಬಿದ್ದೇನೆ ಅಂದವನಿಗೆ ಮಾರನೇ ದಿನ ಮನೆ ಇಲ್ಲ, ಗೇಣಿ ಗದ್ದೆ ಇಲ್ಲ, ಕಸುಬಿಲ್ಲ. ನಂಬಿದ್ದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ರೆ ಎಲ್ಲವೂ ಉಳೀತಿತ್ತು. ಹಾಗೆ ಬೀದಿಗೆ ಬಿದ್ದವರ ಹೊಟ್ಟೆಗೆ ದಾರಿ ಬೇಕು ಅಂತ ಮೊದಲು ನೇಯ್ಗೆ, 1865ರಲ್ಲಿ ಪ್ಲೆಬ್‌ಸ್ಟ್ ಎಂಬವರು ಇಲ್ಲೇ ನೇತ್ರಾವತಿಯ ಬದಿಯಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು. ಹೌದು ಅಂತ ಬಾಯಿಬಿಟ್ಟು ಹೇಳಿದ್ದಕ್ಕೆ ನಷ್ಟ ಕಟ್ಟಿದವರ ಮಾಡು ಇದು.

ಅಳಿಯ: ಮುತ್ತಜ್ಜ ನಷ್ಟ ಕಟ್ಟಿದರು ಅಂತ ನಾವೂ ಕಟ್ಟಬೇಕಾ? ಆಗ ವಿಷಯ ದೇವರದ್ದು. ಈಗ ಸ್ಟಾಂಪ್ ಡ್ಯೂಟಿಯದ್ದು. ಸತ್ಯ ಅಂದ್ರೆ ಇಷ್ಟು ಸಣ್ಣದಾ?

ಅತ್ತೆ: ಸಣ್ಣದೇ ಇರಬಹುದು. ಬಲ್ಮಠದ ಥಿಯಲಾಜಿಕಲ್ ಕಾಲೇಜಿನ ಗುರುಗಳೊಬ್ಬರು ಒಮ್ಮೆ ನಮ್ಮ ಸ್ತ್ರೀಯರ ಕೂಟಕ್ಕೆ ಬಂದಿದ್ದರು. ನಮ್ಮ ಗ್ರಂಥಕ್ಕೆ ಕನ್ನಡದಲ್ಲಿ ಸತ್ಯವೇದ ಅಂತ ಹೆಸರಿಟ್ಟುಕೊಂಡಿದ್ದೇವೆ, ಸತ್ಯ ಅಂದ್ರೆ ಎಂತ ಅಂತ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಅಂದೆವು ನಾವು. ಅದಕ್ಕವರು, ಹೀಬ್ರೂವಿನಲ್ಲಿ ಸತ್ಯಕ್ಕೆ ಎಮೆತ್ ಅಂತಾರೆ, ನೀವು ಪ್ರಾರ್ಥನೆಯ ಕೊನೆಗೆ ಹೇಳುವ ಆಮೆನ್ ಕೂಡ ಅದೇ ಬೇರಿನದ್ದು ಅಂದರು. ಗಟ್ಟಿಯಾಗಿ ನಿಲ್ಲುವುದು ಅಂತ ಅರ್ಥವಂತೆ. ಬಾಗಿಲ ಕಂಬಕ್ಕೂ, ಮಗುವನ್ನು ಎತ್ತಿಕೊಳ್ಳುವ ದಾದಿಗೂ ಅದೇ ಬೇರಿನಿಂದ ಹುಟ್ಟಿದ ಮಾತುಂಟಂತೆ. ಯೋಹಾನನ ಸುವಾರ್ತೆಯಲ್ಲಿ ಯೇಸು ಮಾತು ತೆಗೆಯುವಾಗಲೇ ಎರಡೆರಡು ಸಲ ಆಮೆನ್ ಅಂತಾನೆ. ನಾವು ಮುಗಿಸುವ ಕಡೆ ಅವನು ಶುರು ಮಾಡ್ತಾನೆ. ಅಲ್ಲಿಂದ ನನಗೆ ಸತ್ಯ ಅಂದ್ರೆ ಒರಗಿಕೊಂಡರೆ ಕುಸಿಯದ್ದು ಅಂತ. ಸಣ್ಣ ಕಂಬವಾದ್ರೂ ಕಂಬವೇ.

ಅಳಿಯ: ಕೇಳ್ಲಿಕ್ಕೆ ಚೆಂದ.

ಅತ್ತೆ: ಚೆಂದ ಅಂತ ಹೇಳಿದ್ದಲ್ಲ. ಕ್ವೇಕರರು ಅಂತ ಇದ್ದರಲ್ಲ, 17ನೇ ಶತಮಾನದ ಇಂಗ್ಲೆಂಡಿನಲ್ಲಿ? ಕೋರ್ಟಿನಲ್ಲಿ ಆಣೆ ಹಾಕುವುದಿಲ್ಲ ಅಂತ ಜೈಲಿಗೆ ಹೋದವರು. ಆಣೆ ಹಾಕಿ ಹೇಳುವ ಮಾತು ನಿಜ ಅಂದ್ರೆ ಹಾಕದೆ ಹೇಳಿದ್ದು ಸುಳ್ಳಾಗಬಹುದು ಅಂತ ನಾವೇ ಒಪ್ಪಿದ ಹಾಗಾಯ್ತಲ್ಲ ಅಂತ ಅವರ ವಾದ. ಬೆಟ್ಟದ ಪ್ರಸಂಗವನ್ನು ಅಕ್ಷರಕ್ಕೆ ಅಕ್ಷರ ಹಿಡಿದವರು. ಕೊನೆಗೆ 1696ರಲ್ಲಿ ಪಾರ್ಲಿಮೆಂಟು ಅವರಿಗೋಸ್ಕರವೇ ಕಾನೂನು ಮಾಡಿತು. ನಮ್ಮ 1969ರ ಪ್ರಮಾಣ ಕಾಯ್ದೆಯಲ್ಲೂ ಸಾಕ್ಷಿಗೆ ಆಣೆ ಬೇಡದಿದ್ರೆ ಬರೀ ದೃಢವಚನ ಸಾಕು. ಅಂಗಡಿಯಲ್ಲೂ ಅವರು ಒಂದೇ ದರ ಹೇಳುತ್ತಿದ್ದರು, ಚೌಕಾಸಿ ಇಲ್ಲ. ಮೊದಮೊದಲು ಗಿರಾಕಿಗಳೇ ಬರಲಿಲ್ಲವಂತೆ. ಆಮೇಲೆ ಸಣ್ಣ ಮಗುವನ್ನು ಕಳಿಸಿದ್ರೂ ಮೋಸ ಇಲ್ಲ ಅಂತ ಊರಿಗೆ ಗೊತ್ತಾಯ್ತು.

ಅಳಿಯ: ಅಂದ್ರೆ ಕೊನೆಗೆ ಲಾಭವೇ ಆಯ್ತು! ಸತ್ಯ ಒಳ್ಳೇ ಮಾರ್ಕೆಟಿಂಗ್ ಅಂತ ಎಂಬಿಎಯಲ್ಲಿ ನಮಗೂ ಹೇಳಿಕೊಟ್ಟಿದ್ದಾರೆ.

ಅತ್ತೆ: ನಿಜ ಹೇಳಿದ್ರೆ ಕೊನೆಗೆ ಒಳ್ಳೇದಾಗ್ತದೆ ಅಂತ ಸಂಡೇ ಸ್ಕೂಲಿನಲ್ಲಿ ನಾನೂ ಎಷ್ಟೋ ಮಕ್ಕಳಿಗೆ ಹೇಳಿದ್ದೇನೆ. ಈಗ ಹೇಳುವುದಿಲ್ಲ. ಹಾಗೆ ಹೇಳಿಕೊಟ್ಟವನನ್ನೇ ಶಿಲುಬೆಗೆ ಹಾಕಿದರಲ್ಲ.

ಅಳಿಯ: ಸರಿ, ಇನ್ನೊಂದು ಕಡೆಯಿಂದ ಬರ್ತೇನೆ. ಐಗುಪ್ತದಲ್ಲಿ ಫರೋಹನಿಗೆ ಸುಳ್ಳು ಹೇಳಿ ಇಬ್ರಿಯರ ಗಂಡುಮಕ್ಕಳನ್ನು ಉಳಿಸಿದ ಸೂಲಗಿತ್ತಿಯರಿಗೆ ದೇವರು ಒಳ್ಳೇದು ಮಾಡಿದ. ಯೆರಿಕೋವಿನ ರಾಹಾಬಳು ಗೂಢಚಾರರನ್ನು ಮಾಳಿಗೆಯಲ್ಲಿ ಅಡಗಿಸಿ, ಅವರು ಆಚೆ ಹೋದರು ಅಂದಳು. ಅವಳ ಹೆಸರು ಯೇಸುವಿನ ವಂಶಾವಳಿಯಲ್ಲೇ ಉಂಟು. ಆದ್ರೆ ಸಂತ ಅಗಸ್ಟೀನ್ ಸುಳ್ಳನ್ನು ಎಂಟು ಬಗೆ ಮಾಡಿ, ಜೀವ ಉಳಿಸಲಿಕ್ಕೂ ಹೇಳಕೂಡದು ಅಂದ. ಯಾವುದನ್ನು ಹಿಡಿಯುವುದು?

ಅತ್ತೆ: ಅಗಸ್ಟೀನ್ ಸೂಲಗಿತ್ತಿ ಆಗಿರಲಿಲ್ಲ.

ಅಳಿಯ: ನಗಬೇಡಿ. ಜರ್ಮನಿಯ ಬಾನ್‌ಹೋಫರ್ ಇದೇ ವಿಷಯ ಬರೆದಿದ್ದಾರೆ. ಹಿಟ್ಲರನ ವಿರುದ್ಧದ ಗುಂಪಿನಲ್ಲಿದ್ದ ಪಾದ್ರಿ. 1943ರಲ್ಲಿ ಹಿಡಿದು ಜೈಲಿಗೆ ಹಾಕಿದರು, 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿದರು. ಸತ್ಯ ಹೇಳುವುದೆಂದರೇನು ಅಂತ ಜೈಲಿನಲ್ಲಿ ಒಂದು ಪ್ರಬಂಧ ಶುರು ಮಾಡಿದ್ದರು, ಮುಗಿಯಲಿಲ್ಲ. ಅದರಲ್ಲೊಂದು ಉದಾಹರಣೆ ಬರ್ತದೆ. ಟೀಚರು ಇಡೀ ಕ್ಲಾಸಿನೆದುರು ಒಬ್ಬ ಹುಡುಗನನ್ನು, ನಿನ್ನ ಅಪ್ಪ ಕುಡಿದು ಮನೆಗೆ ಬರ್ತಾನಂತೆ, ಹೌದಾ ಅಂತ ಕೇಳ್ತಾರೆ. ಹೌದು, ಬರುವುದು ನಿಜ. ಹುಡುಗ ಇಲ್ಲ ಅಂತಾನೆ. ಅದು ಸುಳ್ಳು ಅಂತ ಇಟ್ಟುಕೊಂಡ್ರೂ ಅದರ ತಪ್ಪು ಟೀಚರಿಗೇ ಸೇರಬೇಕು ಅಂತಾರೆ ಬಾನ್‌ಹೋಫರ್.

(ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿದರು.)

ಅತ್ತೆ: ಆ ಟೀಚರು ನಾನೇ.

ಅಳಿಯ: ಎಂತ?

ಅತ್ತೆ: ಸುಮಾರು ಹಿಂದೆ, ನಾಲ್ಕನೇ ಕ್ಲಾಸು. ಒಬ್ಬ ಹುಡುಗ ಪ್ರವಾಸದ ಹಣ ತಂದಿರಲಿಲ್ಲ. ಅಪ್ಪ ಗಡಂಗಿನಲ್ಲಿ ಹಾಕಿದನಾ ಅಂತ ಕೇಳಿಬಿಟ್ಟೆ, ಎಲ್ಲರೆದುರು. ಅವನು, ಅಪ್ಪ ಊರಲ್ಲಿಲ್ಲ ಟೀಚರ್, ಮುಂಬೈಗೆ ಹೋಗಿದ್ದಾರೆ ಅಂದ. ಅವನ ಅಪ್ಪನನ್ನು ಹಿಂದಿನ ದಿನ ಸಂಜೆ ಗಡಂಗಿನ ಮೆಟ್ಟಿಲಲ್ಲಿ ನಾನೇ ನೋಡಿದ್ದೆ. ಸುಳ್ಳು ಹೇಳಿದ್ದಕ್ಕೆ ಅಂಗೈಗೆ ಎರಡು ಪೆಟ್ಟು ಕೊಟ್ಟೆ. ಆ ಹುಡುಗ ಅಳಲಿಲ್ಲ. ಕೈಯನ್ನು ಚಡ್ಡಿಗೆ ಒರೆಸಿಕೊಂಡು, ಮುಂಬೈಯಿಂದ ಬರುವಾಗ ತರ್ತಾರೆ ಟೀಚರ್ ಅಂದ. ಮತ್ತೊಂದು ಸಲ ಅಪ್ಪನನ್ನು ಉಳಿಸಿಕೊಂಡ. ಆ ದಿನ ಕ್ಲಾಸಿನಲ್ಲಿ ಗಟ್ಟಿಯಾಗಿ ನಿಂತದ್ದು ಅವನೊಬ್ಬನೇ. ಮನೆಗೆ ಬಂದ ಮೇಲೆ ನನಗೆ ಊಟ ಸೇರಲಿಲ್ಲ. ಮಾರನೇ ದಿನ ಹಣ ನಾನೇ ಹಾಕಿದೆ, ಆದರೆ ತಪ್ಪಾಯ್ತು ಅಂತ ಹೇಳಲಿಲ್ಲ. ಅದು ಇನ್ನೂ ಬಾಕಿ ಉಂಟು.

ಅಳಿಯ: ಹಾಗಾದ್ರೆ ಒಪ್ಪಿದಿರಿ. ಕೆಲವು ಸುಳ್ಳು ಸತ್ಯಕ್ಕಿಂತ ಒಳ್ಳೇದು.

ಅತ್ತೆ: ಅಷ್ಟು ಬೇಗ ಬೇಡ. ಫ್ರಾನ್ಸಿನ ಗುಡ್ಡದ ಮೇಲೆ ಲ ಶಾಂಬೋ ಅಂತ ಊರುಂಟು, ನಮ್ಮ ಹಾಗೆ ಪ್ರೊಟೆಸ್ಟಂಟರದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿಯ ಪಾದ್ರಿ ಆಂದ್ರೆ ತ್ರೋಕ್ಮೆ, ಅವರ ಹೆಂಡತಿ ಮಗ್ದಾ, ಊರಿನ ರೈತರು ಎಲ್ಲ ಸೇರಿ ಯಹೂದಿಗಳನ್ನು ಮನೆಮನೆಯಲ್ಲಿ ಅಡಗಿಸಿದರು. ಸುಳ್ಳು ಹೆಸರಿನ ಗುರುತಿನ ಚೀಟಿ, ಸುಳ್ಳು ರೇಷನ್ ಕಾರ್ಡು, ಎಲ್ಲ ಮಾಡಿಕೊಟ್ಟರು. ಮಾಡುವಾಗ ಅವರಿಗೆ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಆ ಪಾದ್ರಿಗೆ ಕೊನೆಗೆ ತಾವೇ ಸುಳ್ಳು ಹೆಸರಿನ ಚೀಟಿ ಇಟ್ಟುಕೊಂಡು ತಿರುಗಬೇಕಾಗಿ ಬಂದಾಗ ಅದು ಸಹಿಸಲೇ ಆಗಲಿಲ್ಲವಂತೆ. ಅವರ ಸಂಬಂಧಿ ಡೇನಿಯಲ್ ಅಂತ, ನಿರಾಶ್ರಿತ ಹುಡುಗರ ವಸತಿ ನೋಡಿಕೊಳ್ಳುತ್ತಿದ್ದವನು. 1943ರಲ್ಲಿ ಹುಡುಗರನ್ನು ಹಿಡಿಯುವಾಗ ಅವನನ್ನೂ ಹಿಡಿದರು, ಮಾರನೇ ವರ್ಷ ಪೋಲೆಂಡಿನ ಮೈದಾನೆಕ್ ಶಿಬಿರದಲ್ಲಿ ಸತ್ತ. ನೋಡು, ಆ ಹುಡುಗನ ಅಂಗೈ, ಡೇನಿಯಲ್‌ನ ಜೀವ. ಸುಳ್ಳು ಹೇಳಿದವರೇ ಅದರ ಬಿಲ್ಲು ಕಟ್ಟಿದರು. ನಮ್ಮ 35 ಲಕ್ಷದ ಸುಳ್ಳಿನಲ್ಲಿ ನಾವು ಕಟ್ಟುವುದು ಎಂತದ್ದು? ಕಟ್ಟುವುದನ್ನು ತಪ್ಪಿಸಲಿಕ್ಕೇ ಅಲ್ವಾ ಆ ಸುಳ್ಳು?

ಅಳಿಯ: ಹಾಗಾದ್ರೆ ಅದೇ ಪ್ರಶ್ನೆ ನಾನು ತಿರುಗಿಸಿ ಕೇಳ್ತೇನೆ, ಬೇಸರ ಮಾಡಬೇಡಿ. ನಿಮ್ಮ ಸತ್ಯದ ಬಿಲ್ಲು ಯಾರು ಕಟ್ಟುವುದು? ನಿಮಗೆ ಪೆನ್ಶನ್ ಉಂಟು, ಹಿಂದೆ ಮುಂದೆ ಯಾರೂ ಇಲ್ಲ. ನನ್ನ ಮಗಳಿಗೆ ಜೂನ್ ಒಳಗೆ ಕಾಲೇಜಿಗೆ ಕಟ್ಟಬೇಕು. ನಾನು ಸಾಲ ಮಾಡಬೇಕು. ನೀವು ರಾತ್ರಿ ಪ್ರಾರ್ಥನೆ ಮಾಡಿ ನೆಮ್ಮದಿಯಿಂದ ಮಲಗುವುದು ನನ್ನ ಮಗಳ ಫೀಸಿನ ಮೇಲೆ ಅತ್ತೆ.

(ರಸ್ತೆಯಲ್ಲಿ ಮೀನಿನವಳ ಸ್ಕೂಟರಿನ ಹಾರ್ನ್ ಕೇಳಿತು. ಅತ್ತೆ ಏಳಲಿಲ್ಲ.)

ಅತ್ತೆ: ಸರಿಯಾಗಿ ಬಡಿದೆ ಮಗ.

ಅಳಿಯ: ನಾನು ಹಾಗೆ...

ಅತ್ತೆ: ಇಲ್ಲ, ಸರಿಯಾಗಿಯೇ ಕೇಳಿದೆ. ನನಗೆ ಇಷ್ಟರವರೆಗೆ ಹೊಳೆಯಲಿಲ್ಲ. ಸುವಾರ್ತೆಯ ಸುಂಕದವ ಜಕ್ಕಾಯ ಮರದಿಂದ ಇಳಿದು ಬಂದವನು ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸು ಕೊಡ್ತೇನೆ ಅಂದದ್ದು ತನ್ನ ಗಂಟಿನಿಂದ, ನೆರೆಮನೆಯವನ ಗಂಟಿನಿಂದ ಅಲ್ಲ. 80ಕ್ಕೆ ಮಾರುವ. ನಿನಗೆ 45 ತಗೋ, ನನಗೆ 35 ಸಾಕು.

ಅಳಿಯ: ಅದು ಹೇಗೆ ಆಗ್ತದೆ? ನಾನು ತೆಗೆದುಕೊಳ್ಳುವುದಿಲ್ಲ.

ಅತ್ತೆ: ಬ್ರೋಕರನ ಕೈಯಿಂದ ಕಪ್ಪು ಹಣ ತೆಗೆದುಕೊಳ್ಳುವವನಿಗೆ ಅತ್ತೆಯ ಕೈಯಿಂದ ಬಿಳಿ ಹಣ ಬೇಡವಾ?

ಅಳಿಯ: ಜನ ಎಂತ ಹೇಳಿಯಾರು? ಮುದುಕಿ ಅತ್ತೆಯ ಪಾಲು ತಿಂದ ಅಂತ.

ಅತ್ತೆ: ಜನಕ್ಕೆ ಇದ್ದದ್ದನ್ನೇ ಹೇಳು. ಹೇಳ್ಲಿಕ್ಕೆ ಕಷ್ಟ ಆಗ್ತದೆ, ಗೊತ್ತುಂಟು. ಬ್ಯಾಂಕಿನಿಂದ ನಿನ್ನ ಖಾತೆಗೇ ಹಾಕ್ತೇನೆ, ಬೇಕಾದವರು ನೋಡಲಿ.

ಅಳಿಯ: ನೀವು ಬರೀ ಹಠಮಾರಿ ಅತ್ತೆ. ನಾನು ಯೋಚನೆ ಮಾಡಬೇಕು. ಹೆಂಡತಿಯ ಹತ್ರವೂ ಮಾತಾಡಬೇಕು.

ಅತ್ತೆ: ಮಾಡು. ಇವತ್ತೇ ಹೇಳಬೇಕು ಅಂತ ಇಲ್ಲ. ಆದರೆ ಒಂದು ಫೋನು ಇವತ್ತೇ ಮಾಡ್ಬೇಕು.

ಅಳಿಯ: ಯಾರಿಗೆ?

ಅತ್ತೆ: ಇದು ನಾನು ನಿನಗೆ ಹೇಳಲೇ ಇಲ್ಲ. ಆ ಪಾರ್ಟಿ ಜನವರಿಯಲ್ಲಿ ಮನೆ ನೋಡ್ಲಿಕ್ಕೆ ಬಂದಿದ್ದರು. ಗಂಡ ಮಾಡು, ಗೋಡೆ ನೋಡ್ತಾ ಇದ್ದ. ಹೆಂಡತಿ ಬಾವಿಯ ಹತ್ರ ಹೋಗಿ, ನೀರು ಹೇಗೆ ಟೀಚರ್ ಅಂತ ಕೇಳಿದಳು. ವರ್ಷವಿಡೀ ಉಂಟು, ಇದುವರೆಗೆ ಬತ್ತಿದ್ದೇ ಇಲ್ಲ ಅಂದೆ.

ಅಳಿಯ: ಬತ್ತುವುದಿಲ್ಲವಲ್ಲ, ನಿಜವೇ.

ಅತ್ತೆ: ನಿಜವೇ. ಅದಕ್ಕೇ ಹೇಳಿದ್ದು. ಬೇಸಗೆಯಲ್ಲಿ ಹೊಳೆ ಕಡೆಯಿಂದ ಉಪ್ಪು ಹತ್ತುವ ವಿಷಯ ಬಾಯಿಗೆ ಬಂದದ್ದನ್ನು ನುಂಗಿದೆ. ಒಂದು ಕೊಡಪಾನ ಎಳೆದು ಅವಳಿಗೆ ಕುಡಿಯಲಿಕ್ಕೂ ಕೊಟ್ಟೆ. ಜನವರಿಯ ನೀರು, ಒಳ್ಳೇ ಸಿಹಿ ಇತ್ತು. ಹೊಗಳಿದಳು. ಅಲ್ಲಿಂದ ಬಂದು ಬ್ರೋಕರನಿಗೆ ನಾನು ಪ್ರಸಂಗ ಮಾಡಿದ್ದು.

ಅಳಿಯ: ಅತ್ತೆ, ಇದನ್ನು ಈಗ ಹೇಳಿದ್ರೆ 80 ಕೂಡ ಬರ್ಲಿಕ್ಕಿಲ್ಲ. 75 ಅಂದಾರು.

ಅತ್ತೆ: ಅನ್ನಬಹುದು.

ಅಳಿಯ: ಮೇ ತಿಂಗಳು ಕಳೆದ್ರೆ ಮಳೆ. ಅವರು ಇದನ್ನು ಕೆಡವಿ ಬೇರೆ ಕಟ್ಟುವವರು, ಕಾರ್ಪೊರೇಶನ್ ನೀರು ಉಂಟು, ಬಾವಿಯನ್ನು ಮುಚ್ಚಿದ್ರೂ ಮುಚ್ಚಿಯಾರು. ಅಷ್ಟಕ್ಕೂ ಈಗ ಅಂಥ ಉಪ್ಪೇನೂ ಇರ್ಲಿಕ್ಕಿಲ್ಲ.

(ಅತ್ತೆ ಎದ್ದರು. ಮೊಣಗಂಟು ಹಿಡಿದುಕೊಂಡು ಮೂರು ಮೆಟ್ಟಿಲು ಇಳಿದು ಬಾವಿಕಟ್ಟೆಗೆ ಹೋದರು. ರಾಟೆ ಕಿರುಗುಟ್ಟಿತು. ಹಗ್ಗ ಬಹಳ ಹೊತ್ತು ಇಳಿಯಿತು. ಕೊಡಪಾನದಿಂದ ಸ್ಟೀಲಿನ ಲೋಟಕ್ಕೆ ಬಗ್ಗಿಸಿ ತಂದು ಅಳಿಯನ ಕೈಗೆ ಕೊಟ್ಟರು.)

ಅತ್ತೆ: ಕುಡಿ.

ಅಳಿಯ: ...

ಅತ್ತೆ: ಹೇಗುಂಟು?

ಅಳಿಯ: ಅವಳ ನಂಬರ್ ನಿಮ್ಮ ಹತ್ರ ಉಂಟಾ, ಬ್ರೋಕರನ ಹತ್ರ ಕೇಳಬೇಕಾ?